ಓಕ್ ಪೀಪಾಯಿ ಕಾಣದ ಕೆಂಪು ವೈನ್ ಕೀಳೇ?

ಪ್ರಶ್ನೆ: ಫ್ರಾನ್ಸ್‌ನ ಬೋಜೊಲೆಯಲ್ಲಿ ಒಂದು ಕುಟುಂಬದ ಸಾವಯವ ತೋಟದಿಂದ ಹತ್ತು ಯೂರೋಗೆ ಕೆಂಪು ವೈನ್ ಕೊಂಡು ತಂದೆ. ಅದನ್ನು ಓಕ್ ಮರದ ಪೀಪಾಯಿಯಲ್ಲಿಟ್ಟು ಮಾಗಿಸಿಯೇ ಇಲ್ಲವಂತೆ. ನಾನು ತಂದದ್ದು ಕೀಳು ದರ್ಜೆಯದೇ?

ಅಲ್ಲ. ನಿಮಗೆ ಉಳಿದದ್ದು ಮರದ ಖರ್ಚು. ಪಕ್ಕದ ಬರ್ಗಂಡಿ ಪ್ರಾಂತ್ಯದ ಪೀಪಾಯಿ 228 ಲೀಟರ್ ಹಿಡಿಯುತ್ತದೆ, ಎಂದರೆ 304 ಸೀಸೆ. ಹೊಸ ಪೀಪಾಯಿಗೆ 900 ಯೂರೋ ಎಂದು ಹಿಡಿದರೂ ಸೀಸೆಗೆ ಹತ್ತಿರ ಹತ್ತಿರ 3 ಯೂರೋ ಬಡಗಿಯ ಪಾಲಾಗುತ್ತದೆ. ಮರದ ಬದಲು ಕಾಂಕ್ರೀಟ್ ತೊಟ್ಟಿಯಾದರೆ ಅಜ್ಜ ಕಟ್ಟಿಸಿದ್ದು ಮೊಮ್ಮಗನಿಗೂ ಆದೀತು.

ಓಕ್ ವೈನ್‌ಗೆ ವೆನಿಲ್ಲಾ, ಲವಂಗ, ತೆಂಗಿನಕಾಯಿಯ ಘಮ ಕೊಡುತ್ತದೆ. ಕಾಫಿಗೆ ಚಿಕೋರಿ ಇದ್ದಂತೆ: ಹದವಾಗಿದ್ದರೆ ಸೊಗಸು, ಮೀರಿದರೆ ಬೀಜದ ಊರು ಯಾವುದೆಂದೇ ತಿಳಿಯುವುದಿಲ್ಲ. ನನಗೆ ಅನುಮಾನ ಬರುವುದು ಅಗ್ಗವಾಗಿಯೂ ಇದ್ದು ಓಕ್ ಘಮವನ್ನೂ ಬೀರುವ ವೈನ್ ಮೇಲೆ. ಪೀಪಾಯಿಯ ಖರ್ಚಿಲ್ಲದೆ ಘಮ ಬರಲೆಂದು ತೊಟ್ಟಿಗೆ ಓಕ್ ಚಕ್ಕೆ ಹಾಕುವುದಕ್ಕೆ ಯುರೋಪಿನಲ್ಲಿ 2006ರಿಂದ ಅನುಮತಿ ಇದೆ.

ಬೋಜೊಲೆಯ ದ್ರಾಕ್ಷಿ ಗಾಮೆ. 1395ರಲ್ಲಿ ಬರ್ಗಂಡಿಯ ದೊರೆ ಫಿಲಿಪ್ ಇದನ್ನು ‘ದ್ರೋಹಿ ಗಿಡ’ ಎಂದು ಬೈದು ಕಿತ್ತುಹಾಕಿಸಲು ಆಜ್ಞೆ ಹೊರಡಿಸಿದ್ದ; ಕೀಳೆಂಬ ಮಾತು ಅದಕ್ಕೆ ಹೊಸತೇನಲ್ಲ. ಇಲ್ಲಿ ಹಣ್ಣನ್ನು ಬಿಡಿಸದೆ, ಕೈಯಿಂದ ಕೊಯ್ದ ಗೊಂಚಲುಗಳನ್ನು ಹಾಗೆಯೇ ತೊಟ್ಟಿಗೆ ತುಂಬುತ್ತಾರೆ. ಅಡಿಯ ಹಣ್ಣು ಮೇಲಿನ ಭಾರಕ್ಕೆ ಒಡೆದು ರಸ ಹುದುಗತೊಡಗುತ್ತದೆ. ಅದರಿಂದ ಏಳುವ ಇಂಗಾಲದ ಡೈಆಕ್ಸೈಡ್ ತೊಟ್ಟಿಯನ್ನೆಲ್ಲ ಆವರಿಸುತ್ತದೆ. ಆಮ್ಲಜನಕ ಸಿಗದ ಮೇಲಿನ ಹಣ್ಣು ಒಡೆಯದೆಯೇ, ಸಿಪ್ಪೆಯೊಳಗೇ ಹುದುಗಲು ಶುರುಮಾಡುತ್ತದೆ. ನೇರಳೆ ಅಂಚಿನ ಬಣ್ಣ, ಚೆರ್ರಿ ಮತ್ತು ರಾಸ್ಪ್‌ಬೆರಿಯ ವಾಸನೆ, ಒಮ್ಮೊಮ್ಮೆ ಬಾಳೆಹಣ್ಣಿನ ಸುಳಿವು, ನಾಲಿಗೆ ಹಿಡಿಯದಷ್ಟು ಕಡಿಮೆ ಒಗರು ಬರುವುದು ಈ ಕ್ರಮದಿಂದ. ಇಂಥ ವೈನ್‌ನಲ್ಲಿ ಹಣ್ಣು ಕೊಳೆತಿದ್ದರೆ ಮುಚ್ಚಿಡಲು ವೆನಿಲ್ಲಾ ಘಮವೂ ಇರುವುದಿಲ್ಲ.

ಇನ್ನು ‘ಸಾವಯವ’ ಎಂಬ ಮಾತು. ಸೀಸೆಯ ಮೇಲೆ ನಕ್ಷತ್ರಗಳಿಂದ ಮಾಡಿದ ಹಸಿರು ಎಲೆ, ಎಂದರೆ ಯುರೋಪಿನ ಸಾವಯವ ಗುರುತು, ಇದೆಯೇ ನೋಡಿ. ಅದಿದ್ದರೆ ರಾಸಾಯನಿಕ ಕಳೆನಾಶಕ ಬಳಸಿಲ್ಲ ಎಂದರ್ಥ, ಏನೂ ಸಿಂಪಡಿಸಿಲ್ಲ ಎಂದಲ್ಲ. ಬೂಷ್ಟು ರೋಗಕ್ಕೆ ತಾಮ್ರ ಹೊಡೆಯಬಹುದು, ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ಮಿತಿಯೊಳಗೆ. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸಬೇಕಿಲ್ಲ: ಕೊಳೆರೋಗಕ್ಕೆ ಅವರು ಮೈಲುತುತ್ತ, ಸುಣ್ಣ ಬೆರೆಸಿ ಹೊಡೆಯುವ ಬೋರ್ಡೋ ದ್ರಾವಣ 1880ರ ದಶಕದಲ್ಲಿ ಫ್ರಾನ್ಸ್‌ನ ದ್ರಾಕ್ಷಿ ತೋಟಗಳಿಂದಲೇ ಬಂದದ್ದು. ಗಂಧಕವೂ ಪೂರ್ತಿ ನಿಷಿದ್ಧವಲ್ಲ. ಸಕ್ಕರೆ ಉಳಿಯದ ಸಾಮಾನ್ಯ ಕೆಂಪು ವೈನ್‌ನಲ್ಲಿ ಸಲ್ಫೈಟ್ (ವೈನ್ ಕೆಡದಂತೆ ಬಳಸುವ ಗಂಧಕದ ರೂಪ) ಲೀಟರಿಗೆ 150 ಮಿಲಿಗ್ರಾಂ ಇರಬಹುದಾದ ಕಡೆ ಸಾವಯವಕ್ಕೆ 100.

ಒಂದೇ ಎಚ್ಚರಿಕೆ. ಈ ಬೆಲೆಯ ಬೋಜೊಲೆಯನ್ನು ಮಗಳ ಮದುವೆಗೆಂದು ಎತ್ತಿಡಬೇಡಿ, ಎರಡು ಮೂರು ವರ್ಷದೊಳಗೆ ಮುಗಿಸಿ. ‘ಕೋಣೆಯ ಉಷ್ಣಾಂಶ’ ಎಂಬ ಮಾತು ಹುಟ್ಟಿದ್ದು ಚಳಿ ದೇಶದ ಕೋಣೆಗಳಲ್ಲಿ. ನಮ್ಮ ಬೇಸಿಗೆಯ ಕೋಣೆಯಲ್ಲಿ ಇದು ಬರಿಯ ಮದ್ಯಸಾರವಾಗಿ ಮೂಗಿಗೆ ಹೊಡೆಯುತ್ತದೆ. ಮುಕ್ಕಾಲು ಗಂಟೆ ಫ್ರಿಜ್‌ನಲ್ಲಿಟ್ಟು, ಸೀಸೆ ಕೈಗೆ ತಣ್ಣಗೆ ತಾಗಿದಾಗ ತೆರೆಯಿರಿ.