ರಿಯಾಕ್ಟರ್ ಬಿಚ್ಚಿ ಜೋಡಿಸಿದವರು ಕಂಡ ನೀಲಿ ಬೆಳಕು

ಸೆಮಿಕಂಡಕ್ಟರ್ ರಿಸರ್ಚಿಗೆ ಬರಬೇಕು ಅನ್ನುವ ಹುಡುಗ ಹುಡುಗಿಯರು ನನ್ನನ್ನು ಕೇಳುವ ಮೊದಲ ಪ್ರಶ್ನೆ, ಯಾವ ಸಾಫ್ಟ್‌ವೇರ್ ಕಲಿಯಬೇಕು ಅಂತ. ಬೆಂಗಳೂರಿನಲ್ಲಿ ಚಿಪ್ ಕೆಲಸ ಅಂದರೆ ಬಹುಪಾಲು ಡಿಸೈನ್ ತಾನೇ, ಆ ಪ್ರಶ್ನೆ ಸಹಜ. ಆದರೆ ಚಿಪ್ಪಿನ ಪದರಗಳನ್ನೇ ಬೆಳೆಸುವ ಕಡೆ ಬರುವವರಿಗೆ ನಾನು ಪ್ರಖರ ನೀಲಿ ಎಲ್‌ಇಡಿ ಮಾಡಿದ ಜಪಾನಿನ ಶುಜಿ ನಕಮುರಾ ಅವರ ಕೆಲಸವನ್ನು ವಿವರಿಸುತ್ತೇನೆ.

ಅವರು ತೊಕುಶಿಮಾ ವಿಶ್ವವಿದ್ಯಾಲಯದಲ್ಲಿ ಓದಿ 1979ರಲ್ಲಿ ನಿಚಿಯಾ ಕಂಪನಿ ಸೇರಿದರು. ಟ್ಯೂಬ್‌ಲೈಟಿಗೆ, ಟಿವಿಗೆ ಬೇಕಾದ ಫಾಸ್ಫರ್ (ಬೆಳಕು ಸೂಸುವ ವಸ್ತು) ಪುಡಿ ಮಾಡುತ್ತಿದ್ದ ಕಂಪನಿ ಅದು. ಅಲ್ಲಿ ಕ್ವಾರ್ಟ್ಸ್ ಕೊಳವೆಗಳ ಬೆಸುಗೆಯನ್ನೂ ಅವರೇ ಮಾಡಿಕೊಳ್ಳುತ್ತಿದ್ದರು. 1988ರಲ್ಲಿ ಒಂದು ವರ್ಷ ಫ್ಲಾರಿಡಾಕ್ಕೆ ಹೋದರು. ಅಲ್ಲೂ ಹೆಚ್ಚಿನ ಸಮಯ ಹೋದದ್ದು ಹೊಸ ರಿಯಾಕ್ಟರ್ (ಬಿಸಿ ಬಿಲ್ಲೆಯ ಮೇಲೆ ಅನಿಲ ಹಾಯಿಸಿ ಪದರ ಬೆಳೆಸುವ ಯಂತ್ರ) ಜೋಡಿಸುವುದಕ್ಕೇ. ಅದು ವ್ಯರ್ಥವಾಯಿತು ಅಂತ ನನಗೆ ಅನ್ನಿಸುವುದಿಲ್ಲ. ಮುಂದೆ ಕೈ ಹಿಡಿದದ್ದೇ ಆ ವಿದ್ಯೆ.

ನೀಲಿ ಎಲ್‌ಇಡಿಗೆ ಆಗ ಜಾಸ್ತಿ ಜನ ನಂಬಿದ್ದು ಜಿಂಕ್ ಸೆಲೆನೈಡನ್ನು. ನಕಮುರಾ ಗ್ಯಾಲಿಯಂ ನೈಟ್ರೈಡ್ ಹಿಡಿದರು. ಇದನ್ನು ನೀಲಮಣಿಯ ಬಿಲ್ಲೆ ಮೇಲೆ ಸುಮಾರು 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಸಬೇಕು. ಎರಡರ ಪರಮಾಣುಗಳ ನಡುವಿನ ಅಂತರದಲ್ಲಿ ಸುಮಾರು 16% ವ್ಯತ್ಯಾಸ, ಒಂದಕ್ಕೊಂದು ಹೊಂದುವುದಿಲ್ಲ. ಅದರ ಮೇಲೆ, ಅಷ್ಟು ಬಿಸಿಯಾದ ಬಿಲ್ಲೆಯ ಹತ್ತಿರ ಬಂದ ಅನಿಲ ಕಾವಿಗೆ ಮೇಲಕ್ಕೇ ಎದ್ದುಬಿಡುತ್ತದೆ. ಪದರ ಕೂರುವುದು ಹೇಗೆ?

ಅವರು ರಿಯಾಕ್ಟರಿನ ಕೊಳವೆಗಳನ್ನೇ ಬದಲಾಯಿಸಿದರು. ಗ್ಯಾಲಿಯಂ ತರುವ ಅನಿಲ, ಅಮೋನಿಯಾ ಎರಡೂ ಪಕ್ಕದಿಂದ ಬಿಲ್ಲೆಯ ಮೇಲೆ ಹರಿದು ಬಂದವು. ನೈಟ್ರೋಜನ್, ಹೈಡ್ರೋಜನ್ ಮಿಶ್ರಣ ಮೇಲಿನಿಂದ ಇಳಿದು ಅವನ್ನು ಒತ್ತಿ ಹಿಡಿಯಿತು. 1990ರ ಈ 'ಎರಡು ಹರಿವಿನ' ವಿಧಾನ ಸುಮ್ನೆ ಕುಳಿತು ಲೆಕ್ಕ ಹಾಕುವವರಿಗೆ ಹೊಳೆಯುವುದು ಕಷ್ಟ.

ಇನ್ನೊಂದು ಗಂಟು ಇತ್ತು. ಎಲ್‌ಇಡಿಗೆ ಪಿ-ಟೈಪ್ ಪದರ, ಅಂದರೆ ಧನ ಆವೇಶ ಕರೆಂಟ್ ಒಯ್ಯುವ ಪದರ, ಬೇಕೇ ಬೇಕು. ಅದಕ್ಕಾಗಿ ಮೆಗ್ನೀಷಿಯಂ ಬೆರೆಸಿದರೂ ಪದರದಲ್ಲಿ ಕರೆಂಟ್ ಹರಿಯುತ್ತಿರಲಿಲ್ಲ. ನಗೋಯಾದಲ್ಲಿ ಇಸಾಮು ಅಕಾಸಾಕಿ, ಹಿರೋಶಿ ಅಮಾನೋ 1989ರಲ್ಲಿ ಎಲೆಕ್ಟ್ರಾನ್ ಕಿರಣ ಹಾಯಿಸಿ ಅದನ್ನು ಸರಿಮಾಡಿದ್ದರು. ಯಾಕೆ ಸರಿಹೋಯಿತು ಎಂಬುದು ಆಗ ಸ್ಪಷ್ಟವಿರಲಿಲ್ಲ. ನಕಮುರಾ ತಂಡ ಪದರವನ್ನು ನೈಟ್ರೋಜನ್‌ನಲ್ಲಿ 700 ಡಿಗ್ರಿಗೂ ಮೇಲೆ ಕಾಯಿಸಿತು. ಕರೆಂಟ್ ಹರಿಯಿತು. ನನಗೆ ತುಂಬಾ ಇಷ್ಟವಾಗುವುದು ಅವರ ಮುಂದಿನ ಹೆಜ್ಜೆ. ಸರಿಹೋದ ಅದೇ ಪದರವನ್ನು ಅಮೋನಿಯಾದಲ್ಲಿ ಮತ್ತೆ ಕಾಯಿಸಿ ನೋಡಿದರು, ಕೆಟ್ಟುಹೋಯಿತು! ಅಂದರೆ ಅಮೋನಿಯಾದಿಂದ ಬಿಡಿಸಿಕೊಂಡ ಹೈಡ್ರೋಜನ್ ಮೆಗ್ನೀಷಿಯಂಗೆ ಅಂಟಿಕೊಂಡು ಅದರ ಕೆಲಸ ಕೆಡಿಸುತ್ತಿತ್ತು. ಕೆಲಸ ಮಾಡುವ ಸ್ಯಾಂಪಲ್ಲನ್ನು ಬೇಕೆಂದೇ ಕೆಡಿಸಿ ಕಾರಣ ಹಿಡಿಯುವುದು, ನಮ್ಮ ವೃತ್ತಿಯಲ್ಲಿ ನಾನು ಅತಿ ಹೆಚ್ಚು ಗೌರವಿಸುವ ಗುಣ ಇದು.

1993ರ ಕೊನೆಗೆ ಪ್ರಖರ ನೀಲಿ ಎಲ್‌ಇಡಿ ಹೊರಬಂತು. 2014ರಲ್ಲಿ ಮೂವರಿಗೂ ನೊಬೆಲ್. ಇಂದಿನ ಬಿಳಿ ಎಲ್‌ಇಡಿ ಬಲ್ಬಿನೊಳಗೂ ಸಾಮಾನ್ಯವಾಗಿ ಇರುವುದು ನೀಲಿ ಚಿಪ್, ಅದರ ಮೇಲೆ ಹಳದಿ ಫಾಸ್ಫರ್.

ಹಾಗಾಗಿ ಲ್ಯಾಬ್ ಆರಿಸುವಾಗ ಅಲ್ಲಿಯ ಸೀನಿಯರ್‌ಗಳನ್ನು ಕೇಳಿ: ಮಷೀನ್ ಕೆಟ್ಟರೆ ವಿದ್ಯಾರ್ಥಿಗಳು ಪಕ್ಕದಲ್ಲಿ ನಿಂತು ಕಲಿಯಬಹುದಾ, ಇಲ್ಲ ಸರ್ವಿಸ್‌ನವರು ಬಂದು ಹೋಗುವವರೆಗೆ ಹೊರಗಿರಬೇಕಾ? ನಿಮ್ಮ ಕಾಲೇಜಿನಲ್ಲಿ ಕ್ಲೀನ್‌ರೂಮ್ (ಚಿಪ್ ಕೆಲಸಕ್ಕೆ ಬೇಕಾದ ಧೂಳಿಲ್ಲದ ಕೋಣೆ) ಇಲ್ಲದಿದ್ದರೂ ಚಿಂತೆಯಿಲ್ಲ. ಬೆಂಗಳೂರಿನ ಐಐಎಸ್‌ಸಿಯ ನ್ಯಾನೊ ಕೇಂದ್ರ ಹೊರಗಿನ ಕಾಲೇಜಿನವರಿಗೂ ತರಬೇತಿ ಕೊಡುತ್ತಾ ಬಂದಿದೆ. ವಿಚಾರಿಸಿ, ಅರ್ಜಿ ಹಾಕಿ.