ಮೀನು ತೊಟ್ಟಿಯಲ್ಲಿ ಅಮೋನಿಯಕ್ಕಿಂತ ಮೊದಲು ಪಿಎಚ್ ನೋಡಿ

ಅಕ್ವಾಪೋನಿಕ್ಸ್ (ಮೀನು ಸಾಕಿದ ನೀರಿನಲ್ಲೇ ಗಿಡ ಬೆಳೆಸುವ ವಿಧಾನ) ತೊಟ್ಟಿಯ ನೀರು ಪರೀಕ್ಷಿಸಿದಾಗ ಅಮೋನಿಯ ಲೀಟರಿಗೆ 1 ಮಿಲಿಗ್ರಾಂ ಬಂತು ಅನ್ನಿ. ಗಾಬರಿಯಾಗಬೇಕೇ? ಪಿಎಚ್, ಅಂದರೆ ನೀರು ಎಷ್ಟು ಆಮ್ಲ ಅಥವಾ ಕ್ಷಾರ ಎನ್ನುವ ಅಳತೆ, ಗೊತ್ತಿಲ್ಲದೆ ಹೇಳಲಾಗದು. ಕಿಟ್ ತೋರಿಸುವುದು ಒಟ್ಟು ಅಮೋನಿಯ. ಅದರಲ್ಲಿ ಮೀನಿಗೆ ವಿಷವಾಗುವುದು ಅಯಾನಾಗದೆ (ವಿದ್ಯುದಂಶ ಪಡೆಯದೆ) ಉಳಿದ ಭಾಗ. ನೀರು 28 ಡಿಗ್ರಿ ಇದ್ದು ಪಿಎಚ್ 7 ಆಗಿದ್ದರೆ ಆ ಭಾಗ ಶೇ 0.7 ಮಾತ್ರ, ಪಿಎಚ್ 8.5ಕ್ಕೆ ಏರಿದರೆ ಶೇ 18. ಅಂದರೆ ಒಂದೇ ರೀಡಿಂಗ್‌ಗೆ ಒಂದು ತೊಟ್ಟಿಯಲ್ಲಿ ಮೀನು ಆರಾಮಾಗಿ ಮೇಯುತ್ತದೆ, ಇನ್ನೊಂದರಲ್ಲಿ ಮೇಲಕ್ಕೆ ಬಂದು ಬಾಯಿ ತೆರೆಯುತ್ತದೆ.

ಬಯಲುಸೀಮೆಯ ಗಡಸು ಬೋರ್‌ವೆಲ್ ನೀರು ಬಳಸುವವರಿಗೆ ಪಿಎಚ್ ಹೆಚ್ಚಿರುವ ಈ ತೊಂದರೆ ಶುರುವಿನಲ್ಲೇ ಎದುರಾಗುತ್ತದೆ. ಆಸಿಡ್ ಹಾಕಿ ಪಿಎಚ್ ಇಳಿಸಿದರೂ ಬೆಳಿಗ್ಗೆ ನೋಡಿದರೆ ಮತ್ತೆ 8. ನೀರಿನಲ್ಲಿರುವ, ಆಸಿಡ್ಡಿನ ಪ್ರಭಾವ ಅಳಿಸುವ ಬೈಕಾರ್ಬನೇಟು ಮುಗಿಯುವ ತನಕ ಇದು ಹೀಗೇ. ಆದ್ದರಿಂದ ಫಾಸ್ಫಾರಿಕ್ ಆಸಿಡ್ ಹಾಕುವುದಾದರೆ ಮೀನಿನ ತೊಟ್ಟಿಗಲ್ಲ, ಬೇರೆ ಡ್ರಮ್ಮಿಗೆ. ಸ್ವಲ್ಪ ಸ್ವಲ್ಪವೇ ಬೆರೆಸಿ, ಗಾಳಿ ಕೊಟ್ಟು, ಮರುದಿನ ಪಿಎಚ್ ನಿಂತಿದೆಯೇ ನೋಡಿ ಆಮೇಲೆ ತೊಟ್ಟಿಗೆ ಬಿಡಿ. ಮಳೆನೀರು ಹಿಡಿದಿಟ್ಟು ಬೆರೆಸುವುದು ಇದಕ್ಕಿಂತ ಸುಲಭ, ಅಗ್ಗ. ಗಿಡದ ಮಡಿಗೆ ಹಾಕುವ ಜಲ್ಲಿಯ ಮೇಲೂ ನಾಲ್ಕು ಹನಿ ವಿನೆಗರ್ ಬಿಟ್ಟು ನೋಡಿ; ನೊರೆ ಬಂದರೆ ಅದು ಸುಣ್ಣಕಲ್ಲು, ಬೇಡ.

ಕೆಲವು ತಿಂಗಳು ಕಳೆದ ಮೇಲೆ, ಅದರಲ್ಲೂ ಮಳೆನೀರು ಬಳಸುವಲ್ಲಿ, ಸಮಸ್ಯೆ ಉಲ್ಟಾ ಆಗುತ್ತದೆ, ಪಿಎಚ್ ಇಳಿಯತೊಡಗುತ್ತದೆ. ಸಾವಿರ ಲೀಟರಿನ ತೊಟ್ಟಿಗೆ ದಿನಕ್ಕೆ ಶೇ 32 ಪ್ರೋಟೀನಿನ ಫೀಡ್ 100 ಗ್ರಾಂ ಹಾಕಿದರೆ ಸುಮಾರು 3 ಗ್ರಾಂ ಅಮೋನಿಯ ಸಾರಜನಕ ಹುಟ್ಟುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವಷ್ಟರಲ್ಲಿ ನೀರಿನಿಂದ 20 ಗ್ರಾಮಿಗೂ ಹೆಚ್ಚು ಕ್ಷಾರೀಯತೆ (ಪಿಎಚ್ ಇಳಿಯದಂತೆ ತಡೆಯುವ ಬೈಕಾರ್ಬನೇಟಿನಂಥ ಲವಣ), 13 ಗ್ರಾಮಿನಷ್ಟು ಆಮ್ಲಜನಕ ಖರ್ಚಾಗುತ್ತದೆ. ಪಿಎಚ್ ಜಾರುತ್ತಾ 6ಕ್ಕಿಂತ ಕೆಳಗಿಳಿದರೆ ಅವು ಬಹುಪಾಲು ಕೆಲಸ ನಿಲ್ಲಿಸಿ, ಅಮೋನಿಯ ಕೂಡುತ್ತಾ ಹೋಗುತ್ತದೆ. ಆಗ ಗಾಬರಿಯಿಂದ ಸುಣ್ಣ ಸುರಿದಿರೋ, ಪಿಎಚ್ ಒಮ್ಮೆಲೇ ಏರಿ ಕೂಡಿದ್ದ ಅಮೋನಿಯವೆಲ್ಲ ಒಂದೇ ಸಲಕ್ಕೆ ವಿಷ! ಮೊದಲು ಫೀಡ್ ನಿಲ್ಲಿಸಿ, ಅದೇ ಪಿಎಚ್‌ನ ನೀರಿನಿಂದ ಮೂರನೇ ಒಂದು ಭಾಗ ಬದಲಿಸಿ. ಆಮೇಲೆ ದಿನಕ್ಕೆ 0.2ರಷ್ಟು ಮಾತ್ರ ಏರುವಂತೆ, ಒಂದು ಸಲ ಸುಣ್ಣದ ತಿಳಿನೀರು, ಮುಂದಿನ ಸಲ ಪೊಟ್ಯಾಸಿಯಂ ಬೈಕಾರ್ಬನೇಟ್ ಹಾಕಿ. ಗಿಡಕ್ಕೆ ಕ್ಯಾಲ್ಸಿಯಂ, ಪೊಟ್ಯಾಸಿಯಂ ಎರಡೂ ಸಿಗುತ್ತವೆ. ಅಡುಗೆ ಸೋಡಾ ಅಭ್ಯಾಸ ಮಾಡಿಕೊಳ್ಳಬೇಡಿ, ಅದರ ಸೋಡಿಯಂ ನೀರಿನಲ್ಲೇ ಉಳಿಯುತ್ತದೆ.

ಕರಗಿದ ಆಮ್ಲಜನಕ ಅಳೆಯುವುದಾದರೆ ಬೆಳಗಿನ ಜಾವವೇ ಅಳೆಯಿರಿ, ಅದು ತೀರಾ ಕಡಿಮೆ ಇರುವ ಹೊತ್ತು. ಲೀಟರಿಗೆ 5 ಮಿಲಿಗ್ರಾಮಿಗಿಂತ ಇಳಿಯಬಾರದು. ಕರೆಂಟ್ ಹೋಗುವ ಊರಿನಲ್ಲಿ ಬ್ಯಾಟರಿ ಏರೇಟರ್ ಇಲ್ಲದೆ ಮೀನು ತುಂಬುವುದು ಜೂಜು.

ಪಿಎಚ್ ಅನ್ನು 6.8ರಿಂದ 7ರೊಳಗೆ ಹಿಡಿದರೆ ಮೀನು, ಬ್ಯಾಕ್ಟೀರಿಯಾ, ಗಿಡ ಮೂವರಿಗೂ ನಡೆಯುತ್ತದೆ. ಅಷ್ಟಾದರೂ ಪಾಲಕ್‌ನ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ ಎಂದು ಊಹಿಸಬಹುದು. ಫೀಡ್‌ನಲ್ಲಿ ಅದು ಗಿಡಕ್ಕೆ ಸಾಲುವಷ್ಟು ಇರುವುದಿಲ್ಲ. ಫೆರಸ್ ಸಲ್ಫೇಟ್ ಹಾಕಿದರೆ ತುಕ್ಕಾಗಿ ತಳ ಸೇರುತ್ತದೆ. ಶೇ 11 ಕಬ್ಬಿಣವಿರುವ ಡಿಟಿಪಿಎ ಚೀಲೇಟ್ (ಕಬ್ಬಿಣವನ್ನು ನೀರಿನಲ್ಲಿ ಕರಗಿದಂತೆಯೇ ಹಿಡಿದಿಡುವ ಸಂಯುಕ್ತ), ಸಾವಿರ ಲೀಟರಿಗೆ 18 ಗ್ರಾಂ, ಮೂರು ವಾರಕ್ಕೊಮ್ಮೆ ಸಾಕು. ಅಂಗಡಿಯಲ್ಲಿ ಇಡಿಟಿಎ ಎಂಬ ಇನ್ನೊಂದು ಬಗೆಯ ಚೀಲೇಟ್ ಕೊಟ್ಟರೆ ವಾಪಸ್ ಕೊಡಿ, ಪಿಎಚ್ 6.5 ದಾಟಿದರೆ ಅದು ಕಬ್ಬಿಣವನ್ನು ಸರಿಯಾಗಿ ಹಿಡಿದಿಟ್ಟುಕೊಳ್ಳುವುದಿಲ್ಲ.