ಎರಡು ಸೋರ್ಸ್ ಇಟ್ಟರೂ ಎರಡರಷ್ಟು ಕೌಂಟ್ ಯಾಕೆ ಬರಲ್ಲ?

ನ್ಯೂಟ್ರಾನ್ ಎಣಿಸುವ ಹೀಲಿಯಂ-3 ಅನಿಲದ ಟ್ಯೂಬಿನ ಮುಂದೆ, ನ್ಯೂಟ್ರಾನ್ ಹೊರಸೂಸುವ ಒಂದು ಅಮೆರಿಸಿಯಂ-ಬೆರಿಲಿಯಂ ಸೋರ್ಸ್ ಇಟ್ಟಿದ್ದೀರಿ ಅಂತಿಟ್ಟುಕೊಳ್ಳಿ. ಸೆಕೆಂಡಿಗೆ ಸರಾಸರಿ 18,182 ಕೌಂಟ್ ಬಂತು. ಅದನ್ನು ತೆಗೆದು, ಅಷ್ಟೇ ನ್ಯೂಟ್ರಾನ್ ಕೊಡುವ ಇನ್ನೊಂದು ಸೋರ್ಸ್ ಇಟ್ಟರೂ ಅಷ್ಟೇ. ಎರಡನ್ನೂ ಒಟ್ಟಿಗೆ ಇಟ್ಟರೆ 36,364 ಬರಬೇಕಲ್ವಾ? ಬಂದದ್ದು 33,333. ಮಿಕ್ಕ 3,031 ಎಲ್ಲಿ ಹೋದವು?

ನ್ಯೂಟ್ರಾನ್ ಹೀಲಿಯಂಗೆ ಸಿಕ್ಕಿಬಿದ್ದಾಗ ಒಂದು ಪ್ರೋಟಾನ್, ಒಂದು ಟ್ರೈಟಾನ್ (ಟ್ರಿಟಿಯಂನ ನ್ಯೂಕ್ಲಿಯಸ್) ಹುಟ್ಟುತ್ತವೆ. 764 ಕೆಇವಿ (ಕಿಲೋ ಎಲೆಕ್ಟ್ರಾನ್ ವೋಲ್ಟ್) ಶಕ್ತಿ ಹೊರಬರುತ್ತದೆ. ಆ ಕಣಗಳು ಅನಿಲದಲ್ಲಿ ಹುಟ್ಟಿಸಿದ ಚಾರ್ಜ್ ಟ್ಯೂಬಿನೊಳಗಿನ ತಂತಿಗೆ ಸೇರಿ, ಆಂಪ್ಲಿಫೈಯರ್ ಅದನ್ನು ಪಲ್ಸ್ ಮಾಡಿ ಮುಗಿಸುವ ತನಕ ಬೇರೆ ನ್ಯೂಟ್ರಾನ್ ಬಂದರೂ ಲೆಕ್ಕಕ್ಕಿಲ್ಲ. ಈ ಕೆಲವು ಮೈಕ್ರೋಸೆಕೆಂಡುಗಳೇ ಡೆಡ್ ಟೈಮ್.

ಸೋರ್ಸ್‌ಗಳು ಸಮವಾಗಿದ್ದು, ಹಿನ್ನೆಲೆ ಕೌಂಟ್ (ಸೋರ್ಸ್ ಇಲ್ಲದೆಯೂ ಬರುವುದು) ತೀರಾ ಕಡಿಮೆ ಇದ್ದರೆ ಲೆಕ್ಕ ಸುಲಭ. ಒಂಟಿ ಕೌಂಟನ್ನೂ ಜೋಡಿ ಕೌಂಟನ್ನೂ ಗುಣಿಸಿ, ಕಾಣೆಯಾದದ್ದನ್ನು ಅದರಿಂದ ಭಾಗಿಸಿ: 3,031 ÷ (18,182 × 33,333). ಸುಮಾರು 5 ಮೈಕ್ರೋಸೆಕೆಂಡ್ ಸಿಗುತ್ತದೆ. ಈಗ 18,182 ÷ (1 − 18,182 × 0.000005) ಮಾಡಿ. ಒಂದೊಂದು ಸೋರ್ಸಿನ ನಿಜವಾದ ಕೌಂಟ್ 20,000.

ಆದರೆ ಸುಮ್ನೆ ಒಂದು ಸೆಕೆಂಡ್ ಎಣಿಸಿ ಬಿಟ್ಟರೆ ಆಗದು. ನಮಗೆ ಬೇಕಾದದ್ದು ದೊಡ್ಡ ಸಂಖ್ಯೆಗಳ ನಡುವಿನ ಸಣ್ಣ ವ್ಯತ್ಯಾಸ. ಒಂದು ಸೆಕೆಂಡಿನಲ್ಲಿ ಆ 3,031ರಲ್ಲೇ ಸುಮಾರು 260 ಆಚೀಚೆ ಆಗಬಹುದು. ಅಂದರೆ ಶೇ 9ರಷ್ಟು. 100 ಸೆಕೆಂಡ್ ಎಣಿಸಿದರೆ ಅದು ಶೇ 1ರ ಒಳಗೆ ಬರುತ್ತದೆ. ಇನ್ನೊಂದು ಮಾತು: ಸೋರ್ಸಿನ ಕ್ಯಾಪ್ಸೂಲೇ ಪಕ್ಕದ ಸೋರ್ಸಿನ ನ್ಯೂಟ್ರಾನ್‌ಗಳನ್ನು ಚದುರಿಸುತ್ತದೆ. ಹಾಗಾಗಿ ಒಂಟಿಯಾಗಿ ಅಳೆಯುವಾಗ ಖಾಲಿ ಜಾಗದಲ್ಲಿ ಅದೇ ತರಹದ ಡಮ್ಮಿ ಕ್ಯಾಪ್ಸೂಲ್ ಇಡಲೇಬೇಕು.

ಕೆಲವು ಸರ್ಕ್ಯೂಟ್‌ಗಳಲ್ಲಿ ಡೆಡ್ ಟೈಮಿನೊಳಗೆ ಬಂದ ನ್ಯೂಟ್ರಾನ್ ಆ ಹೊತ್ತನ್ನೇ ಇನ್ನಷ್ಟು ಎಳೆಯುತ್ತದೆ. ಅಲ್ಲಿ ಮೇಲಿನ ಲೆಕ್ಕ ನಡೆಯಲ್ಲ. ನ್ಯೂಟ್ರಾನ್ ಏರುತ್ತಾ ಹೋದಂತೆ, ಒಂದು ಹಂತ ದಾಟಿದ ಮೇಲೆ ಮೀಟರ್ ಇಳಿಯುತ್ತದೆ. ಅಪಾಯ ಹೆಚ್ಚಿದ್ದಲ್ಲೇ ಕಡಿಮೆ ತೋರಿಸುವ ಮೀಟರನ್ನು ನಂಬಿ ಯಾರೂ ಒಳಗೆ ಕಾಲಿಡಬಾರದು.

ಹೊಸಬರು ಹೆಚ್ಚಾಗಿ ಎಡವುವುದು ಸೋರ್ಸ್ ಆರಿಸುವಾಗ. ಈ ಲೆಕ್ಕವೆಲ್ಲ ನಿಂತಿರುವುದು ನ್ಯೂಟ್ರಾನ್‌ಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬರುತ್ತವೆ ಎಂಬುದರ ಮೇಲೆ. ಕ್ಯಾಲಿಫೋರ್ನಿಯಂ-252 ಹಾಗಲ್ಲ. ಅದರ ಒಂದೊಂದು ವಿದಳನಕ್ಕೆ ಸರಾಸರಿ 3.76 ನ್ಯೂಟ್ರಾನ್ ಒಟ್ಟಿಗೇ ಹೊರಡುತ್ತವೆ. ನ್ಯೂಟ್ರಾನ್ ವೇಗ ತಗ್ಗಿಸಲು ಇಟ್ಟ ಪಾಲಿಥಿನ್‌ನಲ್ಲಿ ಅಲೆದಾಡಿ, ಹತ್ತಾರು ಮೈಕ್ರೋಸೆಕೆಂಡಿನೊಳಗೆ ಗುಂಪಾಗಿ ಟ್ಯೂಬಿಗೆ ಬರುತ್ತವೆ. ಒಟ್ಟು ಕೌಂಟ್ ಕಡಿಮೆ ಇದ್ದರೂ ಗುಂಪಿನ ಒಳಗೇ ಒಂದು ಇನ್ನೊಂದನ್ನು ಮರೆಮಾಡುತ್ತದೆ, ಸೂತ್ರಕ್ಕೆ ಅದು ಕಾಣುವುದಿಲ್ಲ. ಅಮೆರಿಸಿಯಂ-ಬೆರಿಲಿಯಂನಲ್ಲಿ ಬಹುಪಾಲು ಒಂದೊಂದೇ ಹುಟ್ಟುತ್ತವೆ. ಡೆಡ್ ಟೈಮ್ ಅಳೆಯಲು ನಾನು ಯಾವಾಗಲೂ ಅದನ್ನೇ ಕೇಳಿ ಪಡೆಯುತ್ತೇನೆ.